ಚಿಕ್ಕಮ್ಮ ಮಧ್ಯದ ಸೀಟಲ್ಲೇ ಯಾಕೆ?

ನಿಜ ಹೇಳಿ. ಕಾರು ಪಾರ್ಕ್ ಮಾಡಿ ನಾಲ್ಕು ಹೆಜ್ಜೆ ಹೋದ್ಮೇಲೆ ತಿರುಗಿ ನೋಡ್ತೀರಲ್ವಾ? ನೋಡೇ ನೋಡ್ತೀರಿ. ಸುತ್ತ ಯಾರೂ ಇಲ್ಲ ಅಂದ್ರೆ ವಾಪಸ್ ಬಂದು ಟೈರಿಗೂ ಮಡ್‌ಗಾರ್ಡಿಗೂ ಮಧ್ಯೆ ಕೈ ತೂರ್ಸಿ ಬೆರಳು ಎಣಿಸ್ತೀರಿ. ಒಂದು, ಎರಡು, ಮೂರು, ನಾಲ್ಕು. ‘ಥೂ, ಎತ್ತಿನಗಾಡಿ ಇದ್ದಂಗಿದೆ!’ (ವಾಚ್‌ಮನ್ ನೋಡಿದಾನೆ. ಪಾಪ, ಒಳ್ಳೆಯೋನು, ಯಾರಿಗೂ ಹೇಳಲ್ಲ.)

ಆ ನಾಲ್ಕು ಬೆರಳು ಜಾಗ ಸುಮ್ನೆ ಬಿಟ್ಟಿರ್ತಾರಾ ಸ್ವಾಮಿ? ಚಕ್ರ ಹಳ್ಳಕ್ಕೆ ಬಿದ್ದು ಮೇಲೆ ಎಗರಿದಾಗ ಅದಕ್ಕೊಂದು ಜಾಗ ಬೇಡ್ವಾ? ಆದ್ರೆ ನೀವು ಆಗ್ಲೇ ರಾತ್ರಿ ಒಂದು ಗಂಟೆವರೆಗೂ ವಿಡಿಯೋ ನೋಡಿ ತೀರ್ಮಾನ ಮಾಡಾಗಿದೆ. ಕಾರನ್ನ ಇಳಿಸಿ ‘ಲೋ’ ಮಾಡಿಸ್ಲೇಬೇಕು. ಒಳಗೆ ಕೂತು ಓಡಿಸೋ ನಿಮಗೆ ಆ ಅಂದ ಒಂದು ದಿನಾನೂ ಕಾಣ್ಸಲ್ಲ, ಅದು ಬೇರೆ ಮಾತು.

ಸರಿಯಾದ ದಾರಿ ನಿಮಗೂ ಗೊತ್ತು. ಲೋವರಿಂಗ್ ಸ್ಪ್ರಿಂಗ್ ಹಾಕ್ಸಿ, ಇಲ್ಲಾ ಕಾಸಿದ್ರೆ ಕಾಯಿಲ್‌ಓವರ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಸೆಟ್ಟು) ಹಾಕ್ಸಿ. ಅದರ ರೇಟು ಕೇಳಿ ಬಾಯಿ ಒಣಗಿದ ಮೇಲೆ ಗ್ಯಾರೇಜ್ ಹುಡುಗ ಮೆಲ್ಲಗೆ ಹತ್ರ ಬರ್ತಾನೆ: ‘ಅಣ್ಣಾ, ಇರೋ ಸ್ಪ್ರಿಂಗಲ್ಲೇ ಒಂದ್ ಸುತ್ತು ಕಟ್ ಮಾಡ್ಬಿಡ್ಲಾ?’ ಆ ‘ಅಣ್ಣಾ’ಗೆ ಕರಗಿಬಿಡ್ಬೇಡಿ! ಸುತ್ತು ಕಮ್ಮಿ ಆದಷ್ಟೂ ಸ್ಪ್ರಿಂಗು ಗಡಸಾಗುತ್ತೆ, ಬೆನ್ನು ಲೆಕ್ಕ ಇಟ್ಕೊಳ್ಳುತ್ತೆ. ಚಕ್ರ ಕೆಳಗೆ ಜೋತುಬಿದ್ದಾಗ ಕಟ್ ಮಾಡಿದ ಸ್ಪ್ರಿಂಗು ಕೂರೋ ಜಾಗ ಬಿಟ್ಟು ಅಲ್ಲಾಡುತ್ತೆ. ಶಾಕ್ ಅಬ್ಸಾರ್ಬರ್ ಬೇರೆ ಹಳೇ ಎತ್ತರದ್ದೇ.

ಆದ್ರೂ ಕರಗಿದ್ರಿ, ಕಟ್ ಮಾಡಿಸಿದ್ರಿ. ಇಷ್ಟಕ್ಕೇ ನಿಂತ್ರಾ? ಟೈರು ಬದಲಾಯಿಸೋಕೆ ಬೆಂಗಳೂರಿನ ಜೆ.ಸಿ. ರೋಡಿಗೆ ಹೋದ್ರಿ. ಸ್ವಿಫ್ಟಿನ 185/65 ಆರ್15 ಟೈರು ಬಿಚ್ಚಿಸಿ 205/50 ಆರ್16 ಹಾಕಿಸಿದ್ರಿ. ಅಂಗಡಿಯವರು ‘ಏನೂ ಟಚ್ ಆಗಲ್ಲ ಸಾರ್’ ಅಂದ್ರು. ಎತ್ತರದ ಮಟ್ಟಿಗೆ ಸುಳ್ಳಲ್ಲ, ಹೊಸ ಟೈರು ಒಂದು ಸೆಂಟಿಮೀಟರ್ ಕುಳ್ಳು. ಅಗಲದ ಕಥೆ ಕೇಳಿದ್ರಾ? 20 ಮಿಲಿಮೀಟರ್ ಜಾಸ್ತಿ, ಅಂದ್ರೆ ಆಚೆಗೆ ಹತ್ತು, ಈಚೆಗೆ ಹತ್ತು.

ಇನ್ನು ರಿಮ್ಮಿನ ಮೇಲೆ ‘ಈಟಿ’ ಅಂತ ಒಂದು ನಂಬರ್ ಇರುತ್ತೆ, ಚಕ್ರ ಎಷ್ಟು ಒಳಗೆ ಕೂರುತ್ತೆ ಅನ್ನೋ ಲೆಕ್ಕ (ಹೆಸರಿಗೆ ತಕ್ಕ ಹಾಗೆ ಚುಚ್ಚೋದೂ ಅದೇ). 45 ಇದ್ದ ಕಡೆ 35ರದ್ದು ಹಾಕಿದ್ರೆ ಇಡೀ ಚಕ್ರ ಇನ್ನೂ 10 ಮಿಲಿಮೀಟರ್ ಆಚೆ ಬರುತ್ತೆ. ಕೂಡ್ಸಿ ನೋಡಿ. ಟೈರು ಎರಡು ಸೆಂಟಿಮೀಟರ್ ಹೊರಗೆ ಬಂತು, ಸ್ಪ್ರಿಂಗ್ ಕಟ್ ಮಾಡಿಸಿದ್ದಕ್ಕೆ ಮಡ್‌ಗಾರ್ಡು ನಾಲ್ಕು ಸೆಂಟಿಮೀಟರ್ ಕೆಳಗೆ ಬಂತು. ಎರಡೂ ಭೇಟಿ ಆಗ್ದೆ ಇರುತ್ವಾ?

ಆಯ್ತು, ಶಬ್ದ ಬಂತು. ಕರ್ರ್! ನೀವೇನು ಮಾಡಿದ್ರಿ? ಹಾಡಿನ ವಾಲ್ಯೂಮ್ ಏರಿಸಿದ್ರಿ. ‘ಅದೇನೋ ಕೆರೀತಿದೆಯಲ್ರೀ’ ಅಂತ ಮನೆಯವರು ಕೇಳಿದ್ರೆ, ‘ರಸ್ತೆ ಸರಿ ಇಲ್ಲ’. ರಸ್ತೆಗೂ ಪಾಲು ಇದೆ ಅನ್ನಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರ್ಬೇಕು. ಅಂಥದ್ದನ್ನ ನಿಮ್ಮ ಇಳಿಸಿದ ಕಾರೂ ಆರಾಮಾಗಿ ದಾಟುತ್ತೆ. ನಮ್ಮ ಬೀದಿ ಮೂಲೆಯದ್ದು ಮಾತ್ರ ಒರಳುಕಲ್ಲು ಬೋರಲು ಹಾಕಿದಂಗಿದೆ.

ನಿಮ್ಮ ಅಸಲಿ ಬಣ್ಣ ಬಯಲಾಗೋದು ಮೈಸೂರಿಗೆ ಮದುವೆಗೆ ಹೊರಟಾಗ. ಕಣ್ಣಲ್ಲೇ ನೆಂಟರನ್ನ ತೂಕ ಹಾಕ್ತೀರಿ. ‘ಚಿಕ್ಕಮ್ಮಾ, ಕಿಟಕಿ ಹತ್ರ ಬೇಡ, ಮಧ್ಯದಲ್ಲಿ ಕೂತ್ಕೊಳ್ಳಿ, ಎ.ಸಿ. ಚೆನ್ನಾಗಿ ಬರುತ್ತೆ.’ ಆಹಾ, ಎಂಥಾ ಪ್ರೀತಿ! ಕಿಟಕಿ ಪಕ್ಕ ಕೂತ್ರೆ ಎಡಗಡೆ ಟೈರು ಮಡ್‌ಗಾರ್ಡಿಗೆ ಮುತ್ತು ಕೊಡುತ್ತೆ ಅಂತ ಆಯಮ್ಮಂಗೆ ಏನು ಗೊತ್ತು? ದೊಡ್ಡ ಹಂಪು ಬಂದ್ರೆ ಮಾವನವರನ್ನೂ ‘ಸ್ವಲ್ಪ ಕಾಲಾಡ್ಸಿ’ ಅಂತ ಕೆಳಗಿಳಿಸ್ತೀರಿ. (ಅವರಿಗೆ ಮಂಡಿನೋವು. ನಿಮಗೂ ಗೊತ್ತು.)

ಉಜ್ಜೋದು ಎಲ್ಲಿ ಅಂತ ಒಂದ್ಸಲನಾದ್ರೂ ಬಗ್ಗಿ ನೋಡಿದ್ರಾ? ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಶಬ್ದ ಬಂದ್ರೆ ಅದು ಸಾಮಾನ್ಯವಾಗಿ ಒಳಗಿನ ಪ್ಲಾಸ್ಟಿಕ್ ಲೈನರ್. ಹಳ್ಳಕ್ಕೆ ಬಿದ್ದಾಗ ಬಂದ್ರೆ ಮಡ್‌ಗಾರ್ಡಿನ ಅಂಚಿರ್ಬೇಕು. ಆ ಅಂಚು ಒಳಗಡೆಗೆ ಮಡಿಚಿ ಕತ್ತಿ ಥರ ನಿಂತಿರುತ್ತೆ, ಟೈರಿನ ಪಕ್ಕೆ ಸೀಳೋದು ಅದೇ. ಅದನ್ನ ರೋಲರ್ ಹಾಕಿ ಮೇಲಕ್ಕೆ ಮಡಿಸ್ಬಹುದು. ಪೇಂಟಿಗೆ ಹೀಟ್ ಗನ್ ಹಿಡಿದು, ಬಿಸಿ ಮಾಡ್ತಾ ಮಾಡ್ತಾ, ಸ್ವಲ್ಪ ಸ್ವಲ್ಪಾನೇ. ತಣ್ಣಗಿದ್ದಾಗ ಮಡಿಸಿದ್ರೆ ಪೇಂಟು ಬಿರುಕು ಬಿಟ್ಟು ಮಳೆಗಾಲ ಮುಗಿಯೋ ಹೊತ್ತಿಗೆ ತುಕ್ಕು ಹಿಡಿಯುತ್ತೆ.

ಕ್ಯಾಂಬರ್ ಬದಲಾಯಿಸಿ ಚಕ್ರದ ತಲೆ ಒಳಗೆ ವಾಲಿಸೋ ಉಪಾಯನೂ ಉಂಟು. ಟಚ್ ಆಗೋದು ಕಮ್ಮಿಯಾಗುತ್ತೆ, ಆದ್ರೆ ಟೈರು ಒಳಗಡೆ ಅಂಚಲ್ಲಿ ಬೋಳಾಗುತ್ತೆ. ಹೊರಗಿಂದ ನೋಡಿದ್ರೆ ಲಕಲಕ! (ನಮ್ಮ ಎಷ್ಟೋ ಮನೆಗಳ ಹಾಗೆ.) ಇನ್ನೊಂದು ಗುಟ್ಟು: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆಯಲ್ಲ, ಕಂಪನಿ ಕೊಟ್ಟ ವಿವರಕ್ಕೂ ಗಾಡಿಗೂ ತಾಳೆ ಆಗದಂಗೆ ಮಾರ್ಪಾಡು ಮಾಡೋ ಹಾಗಿಲ್ಲ ಅನ್ನುತ್ತೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿದೆ. ಕೈಗೆ ಸಿಕ್ಕಿದ್ದೆಲ್ಲಾ ಕಟ್ ಮಾಡೋ ಮುಂಚೆ ಅದನ್ನೂ ಒಮ್ಮೆ ಓದ್ಕೊಳ್ಳಿ.

ಆಗಲೇ ಇಳಿಸಿಬಿಟ್ಟಿದೀರಾ? ಸರಿ, ಈ ಭಾನುವಾರ ಒಂದು ಕೆಲಸ ಮಾಡಿ. ಮಗಳ ಚಾಕ್‌ಪೀಸ್ ಇಸ್ಕೊಂಡು ನಾಲ್ಕೂ ಮಡ್‌ಗಾರ್ಡಿನ ಒಳ ಅಂಚಿಗೆ ದಪ್ಪಗೆ ಬಳೀರಿ. ಮನೆಯವರನ್ನೆಲ್ಲಾ ತುಂಬ್ಕೊಂಡು ಬೀದಿ ಮೂಲೆ ಹಂಪನ್ನ ನಿಧಾನಕ್ಕೆ ಹತ್ತಿ ಇಳೀರಿ. ಆಮೇಲೆ ಟೈರು ನೋಡಿ, ಬಿಳಿ ಗೆರೆ ಎಲ್ಲಿ ಬಿದ್ದಿದೆಯೋ ಕಳ್ಳ ಅಲ್ಲಿದಾನೆ. ಹಾಡು ಹಾಕ್ಬೇಡಿ. ಮತ್ತೆ ಚಿಕ್ಕಮ್ಮನ್ನ ಈ ಸಲ ಕಿಟಕಿ ಪಕ್ಕಾನೇ ಕೂರ್ಸಿ.