ಬರುವವರಿಗೆ ಸುಂಕ, ಹೋಗುವವರಿಗೆ ಪುಕ್ಕಟೆ

ಸ್ಯಾನ್ ಫ್ರಾನ್ಸಿಸ್ಕೋ ಊರಿಗೆ ಎರಡು ದೊಡ್ಡ ಸೇತುವೆಗಳು. ಉತ್ತರಕ್ಕೆ ಗೋಲ್ಡನ್ ಗೇಟ್, ಪೂರ್ವಕ್ಕೆ ಬೇ ಬ್ರಿಜ್. ಎರಡರಲ್ಲೂ ಸುಂಕ ಊರೊಳಗೆ ಬರುವವರಿಗೆ ಮಾತ್ರ. ಊರು ಬಿಟ್ಟು ಹೋಗುವವರನ್ನು ಯಾರೂ ಏನೂ ಕೇಳುವುದಿಲ್ಲ. ಗೋಲ್ಡನ್ ಗೇಟಿನಲ್ಲಂತೂ 2013ರಿಂದ ಸುಂಕ ಕೇಳುವುದಕ್ಕೆ ಮನುಷ್ಯರೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟಿನ ಫೋಟೊ ಹೊಡೆದುಕೊಳ್ಳುತ್ತದೆ, ಬಿಲ್ಲು ಮನೆಗೆ ಬರುತ್ತದೆ. ಮೈಸೂರು ಹೆದ್ದಾರಿಯ ಟೋಲಿನಲ್ಲಿ ಕೇಳುವ ಹಾಗೆ "ನಾನ್ಯಾರು ಗೊತ್ತೇನ್ರಿ?" ಎಂದು ಕೇಳೋಣವೆಂದರೆ ಎದುರಿಗೆ ಒಂದು ನರಪಿಳ್ಳೆಯಾದರೂ ಬೇಕಲ್ಲ!

ಬೆಂಗಳೂರಿನವರು ಬರುವುದು ಆಕಾಶಮಾರ್ಗದಲ್ಲಿ. 2021ರ ಜನವರಿಯಲ್ಲಿ ಏರ್ ಇಂಡಿಯಾ ಎರಡೂ ಊರುಗಳ ನಡುವೆ ನೇರ ವಿಮಾನ ಬಿಟ್ಟಾಗ, ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲೆ ಹಾದು ದೇವನಹಳ್ಳಿಯಲ್ಲಿ ಇಳಿಯಿತು. ಅದನ್ನು ಹಾರಿಸಿದವರೆಲ್ಲ ಹೆಣ್ಣುಮಕ್ಕಳು. ನೇರ ದಾರಿಯಲ್ಲಿ ಸುಮಾರು 17 ಗಂಟೆ. ಬೇಸಿಗೆಯಲ್ಲಿ ಎರಡೂ ಊರುಗಳ ಗಡಿಯಾರಕ್ಕೆ ಹನ್ನೆರಡೂವರೆ ಗಂಟೆ ಅಂತರ. ಹಾಗಾಗಿ ಬೆಂಗಳೂರಿನಿಂದ ಹೊರಟವರು ಅಷ್ಟು ಹೊತ್ತು ಕೂತು ಎದ್ದರೂ ಗಡಿಯಾರದ ಲೆಕ್ಕದಲ್ಲಿ ಕಳೆದಿರುವುದು ಬರೀ ನಾಲ್ಕೂವರೆ ಗಂಟೆ. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಸನ್ನಿವೇಲಿನಲ್ಲಿರುವ ಮಗನ ಮನೆಗೆ ಹೊರಟ ಜಯನಗರದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಈ ಲೆಕ್ಕವನ್ನು ಬೋರ್ಡಿಂಗ್ ಪಾಸಿನ ಹಿಂಬದಿಯಲ್ಲಿ ಬಿಡಿಸಿ ಹೆಂಡತಿಗೆ ತೋರಿಸಿದರು. ಆಕೆ ಚೀಟಿ ನೋಡಲೇ ಇಲ್ಲ. "ರೀ, ನನ್ನ ಕಾಲು ಹದಿನೇಳು ಗಂಟೆ ಅಂತಲೇ ಹೇಳ್ತಿದೆ" ಅಂದರು.

ಇಳಿದ ಮೇಲೆ ಗೊತ್ತಾಗುವ ಸಂಗತಿಯೆಂದರೆ, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಲ್ಲ. ಒಡೆತನ ಆ ಊರಿನದು, ನೆಲ ಪಕ್ಕದ ಸ್ಯಾನ್ ಮಟೇಯೋ ಕೌಂಟಿಯದು. ದೇವನಹಳ್ಳಿಯಲ್ಲಿ ಇಳಿದು 'ಬೆಂಗಳೂರಿಗೆ ಬಂದೆ' ಅನ್ನುವವರಿಗೆ ಇದು ದೊಡ್ಡ ಆಘಾತವೇನಲ್ಲ. ಕಸ್ಟಮ್ಸಿನಲ್ಲಿ ಹಣ್ಣು, ಮಾಂಸ ಹುಡುಕುವ ಬೀಗಲ್ ನಾಯಿಯೊಂದು ಸಾರಿನಪುಡಿ ತುಂಬಿದ ಪೆಟ್ಟಿಗೆಯ ಮುಂದೆ ನಿಂತು, ತಲೆ ಓರೆ ಮಾಡಿ, ಇನ್ನೊಮ್ಮೆ ಮೂಸಿ, ಇದು ತನ್ನ ಸಿಲಬಸ್ಸಿನಲ್ಲಿ ಇಲ್ಲವೆಂದು ಮುಂದೆ ಹೋಯಿತು.

ಜುಲೈ ತಿಂಗಳು. ಸನ್ನಿವೇಲಿನಲ್ಲಿ ಸುಡುಬಿಸಿಲು. ಮೇಷ್ಟ್ರು ಅರ್ಧ ತೋಳಿನ ಶರಟಿನಲ್ಲೇ ಮಹಾನಗರ ನೋಡಲು ಹೊರಟರು. ಇದು ಎಲ್ಲರೂ ಬೀಳುವ ಹಳ್ಳ. ಕ್ಯಾಲಿಫೋರ್ನಿಯಾದ ಒಳನಾಡಿನ ಕಣಿವೆ ಬೇಸಿಗೆಯಲ್ಲಿ ಕಾದು, ಬಿಸಿಗಾಳಿ ಮೇಲೆದ್ದು, ಆ ಜಾಗ ತುಂಬಲು ತಣ್ಣನೆಯ ಪೆಸಿಫಿಕ್ ಕಡಲಿನ ಗಾಳಿ ನುಗ್ಗುತ್ತದೆ. ಕರಾವಳಿಯ ಗುಡ್ಡಸಾಲಿನಲ್ಲಿ ಅದಕ್ಕೆ ಇರುವ ದೊಡ್ಡ ಬಾಗಿಲು, ಸೇತುವೆಗೆ ಹೆಸರು ಕೊಟ್ಟ ಗೋಲ್ಡನ್ ಗೇಟ್ ಜಲಸಂಧಿ ಒಂದೇ. ಜೊತೆಯಲ್ಲಿ ಮಂಜು. ಒಳನಾಡು ಕಾದಷ್ಟೂ ಊರು ನಡುಗುತ್ತದೆ. ಬಿಸಿಲು ಬೇಕೆನ್ನುವವರು ಸೆಪ್ಟೆಂಬರ್, ಅಕ್ಟೋಬರ್ ತನಕ ಕಾಯಬೇಕು. 1937ರಲ್ಲಿ ತೆರೆದ ಆ ಪ್ರಖ್ಯಾತ ಸೇತುವೆಯ ಮುಂದೆ ಮೇಷ್ಟ್ರ ಸಂಸಾರ ನಿಂತಾಗ ಕಾಣುತ್ತಿದ್ದುದು ಕೆಂಪು ಗೋಪುರವೊಂದರ ಬುಡ ಮಾತ್ರ. ಉಳಿದದ್ದನ್ನು ಮಗ ಫೋನಿನಲ್ಲಿ ತೋರಿಸಿದ.

ಫಿಶರ್‌ಮನ್ಸ್ ವಾರ್ಫ್‌ನ ಕಡಲಂಚಿನ ಅಂಗಡಿಗಳು ಈ ಮಂಜಿನ ಮಕ್ಕಳು. ಊರಿನ ಹೆಸರು ಹೊಲಿದ ದಪ್ಪ ಜಾಕೆಟ್ಟುಗಳು ಅಲ್ಲಿ ಸಾಲಾಗಿ ತೂಗಾಡುತ್ತವೆ. ಚಡ್ಡಿಯಲ್ಲಿ ಬಂದ ಜರ್ಮನ್ನರು, ಜಪಾನೀಯರು ಯಾರೂ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ಮೇಷ್ಟ್ರು ಡಾಲರನ್ನು ರೂಪಾಯಿಗೆ ಗುಣಿಸಲು ಶುರು ಮಾಡಿದರು. ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಮಗ್ಗಿ ಮುಂದೆ ಹೋಗಲಿಲ್ಲ.

ರಾತ್ರಿ ಊರಲ್ಲೇ ತಂಗಲೆಂದು ಮಗ ಹೋಟೆಲಿನಲ್ಲಿ ರೂಮು ಮಾಡಿದ್ದ. ಕೋಣೆಯ ಬಾಡಿಗೆ, ಅದರ ಮೇಲೆ ನಗರದ 14 ಪರ್ಸೆಂಟ್ ಹೋಟೆಲ್ ತೆರಿಗೆ, ಅದರ ಕೆಳಗೆ ಇನ್ನಷ್ಟು ಸಣ್ಣಪುಟ್ಟ ಸಾಲುಗಳು, ಕೊನೆಯಲ್ಲಿ ಕಾರು ನಿಲ್ಲಿಸುವುದಕ್ಕೆ ಪ್ರತ್ಯೇಕ ದಿನಬಾಡಿಗೆ. ಮೇಷ್ಟ್ರು ಬಿಲ್ಲನ್ನು ಉತ್ತರಪತ್ರಿಕೆ ತಿದ್ದುವವರ ಹಾಗೆ ಮೇಲಿಂದ ಕೆಳಗೆ ನೋಡಿ, "ಕಾರಿಗೂ ಒಂದು ರೂಮು ಮಾಡಿದೀಯೇನೋ?" ಎಂದು ಕೇಳಿದರು.

ಮಲಗಲು ಜಾಗ ಹುಡುಕುವ ಪಾಡು ಈ ಊರಿಗೆ ಹುಟ್ಟಿನಿಂದ ಬಂದದ್ದು. 1848ರಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿತು, ಮರುವರ್ಷ ಜಗತ್ತೇ ಹಡಗು ಹತ್ತಿತು. ಬಂದರಿಗೆ ಬಂದ ನಾವಿಕರು ಪ್ರಯಾಣಿಕರ ಜೊತೆ ತಾವೂ ಇಳಿದು ಚಿನ್ನ ಅಗೆಯಲು ಓಡಿದರು. ನೂರಾರು ಹಡಗುಗಳು ಅನಾಥವಾದವು. ನಯಾಂಟಿಕ್ ಎಂಬ ತಿಮಿಂಗಿಲ ಬೇಟೆಯ ಹಡಗನ್ನು ದಡಕ್ಕೆಳೆದು, ಮೇಲೆ ಸೂರು ಹೊದಿಸಿ ಗೋದಾಮು ಮಾಡಿದರು. 1851ರ ಬೆಂಕಿಯಲ್ಲಿ ಅದು ಸುಟ್ಟಾಗ, ಉಳಿದ ಒಡಲಿನ ಮೇಲೆಯೇ ನಯಾಂಟಿಕ್ ಹೋಟೆಲು ಎದ್ದಿತು. ಆಮೇಲೆ ಕಡಲನ್ನೇ ತುಂಬಿ ಊರು ಬೆಳೆಯಿತು. 1978ರಲ್ಲಿ ಕಟ್ಟಡವೊಂದಕ್ಕೆ ಪಾಯ ತೋಡುವಾಗ ಹಡಗಿನ ಅವಶೇಷ ಮತ್ತೆ ಸಿಕ್ಕಿತು. ಈಗ ಬ್ಯಾಂಕು, ಆಫೀಸುಗಳಿರುವ ಬೀದಿಗಳ ಅಡಿಯಲ್ಲಿ ಇಂಥ ಹಡಗುಗಳು ಇನ್ನೂ ಎಷ್ಟೋ ಮಲಗಿವೆ, ಬಾಡಿಗೆ ಕೊಡದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಕತೆಗೆ ಗುಜರಾತಿಗಳು ಸೇರಿಕೊಂಡರು. 1940ರ ದಶಕದಲ್ಲಿ ಕಾಂಜಿಭಾಯಿ ದೇಸಾಯಿ ಎಂಬುವರು ಇಲ್ಲಿನ ಗೋಲ್ಡ್‌ಫೀಲ್ಡ್ ಹೋಟೆಲನ್ನು ಗುತ್ತಿಗೆ ಹಿಡಿದರು. ತಮ್ಮೂರ ಕಡೆಯಿಂದ ಬಂದ ಹೊಸಬರಿಗೆ ತಂಗಲು ಜಾಗ ಕೊಟ್ಟು, ನೀನೂ ಒಂದು ಹೋಟೆಲು ಹಿಡಿ ಎಂದು ಬುದ್ಧಿ ಹೇಳುತ್ತಿದ್ದರಂತೆ. ಹೋಟೆಲು ಹಿಡಿದರೆ ಅದೇ ಕೆಲಸ, ಅದೇ ಮನೆ; ಹೆಂಡತಿ ಮಕ್ಕಳು ಸೇರಿ ನಡೆಸಿದರೆ ಆಳಿನ ಸಂಬಳವೂ ಉಳಿಯಿತು. ಆ ಬುದ್ಧಿಮಾತು ಎಷ್ಟು ಫಲಿಸಿತೆಂದರೆ ಇಂದು ಅಮೆರಿಕದ ಹೋಟೆಲು, ಮೋಟೆಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತೀಯ ಮೂಲದವರ ಕೈಯಲ್ಲಿವೆ, ಅವರಲ್ಲಿ ಪಟೇಲರೇ ಬಹಳ. ಉಡುಪಿಯವರು ಮುಂಬೈಗೆ ಹೋಗಿ ಊರಿಗೆಲ್ಲ ಉಣ್ಣಿಸಿದರು. ಸೂರತ್ ಕಡೆಯವರು ಇಲ್ಲಿಗೆ ಬಂದು ದೇಶಕ್ಕೆಲ್ಲ ಹಾಸಿಗೆ ಹಾಸಿದರು. ಎರಡೂ ಪಂಗಡ ಒಂದೇ ಹಡಗು ಹತ್ತಿದ್ದರೆ ಅಮೆರಿಕದ ಮೋಟೆಲುಗಳಲ್ಲಿ ಬೆಳಗಿನ ತಿಂಡಿ ಈಗಿನ ಹಾಗೆ ಇರುತ್ತಿರಲಿಲ್ಲ.

2007ರ ಅಕ್ಟೋಬರಿನಲ್ಲಿ ಮತ್ತೆ ಅದೇ ಗೋಳು. ಊರಲ್ಲೊಂದು ವಿನ್ಯಾಸಕಾರರ ಸಮ್ಮೇಳನ, ಹೋಟೆಲುಗಳೆಲ್ಲ ಭರ್ತಿ. ಬಾಡಿಗೆ ಕಟ್ಟಲು ಪರದಾಡುತ್ತಿದ್ದ ಬ್ರಯಾನ್ ಚೆಸ್ಕಿ, ಜೋ ಗೆಬಿಯಾ ಎಂಬ ಇಬ್ಬರು ಹುಡುಗರು ಗಾಳಿ ತುಂಬುವ ಹಾಸಿಗೆಗಳನ್ನು ನೆಲಕ್ಕೆ ಹಾಸಿ ರಾತ್ರಿಗೆ 80 ಡಾಲರ್ ಎಂದರು. ಮೂವರು ಬಂದರು, ಅದರಲ್ಲೊಬ್ಬ ಭಾರತೀಯ. ಏರ್‌ಬಿಎನ್‌ಬಿ ಹುಟ್ಟಿದ್ದು ಹೀಗೆ. ಮೇಷ್ಟ್ರ ಮನೆಯವರಿಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಅವರ ತವರಿನಲ್ಲಿ ಪ್ರತಿ ಮದುವೆಗೂ ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸಿ ಮೂವತ್ತು ಜನರನ್ನು ಮಲಗಿಸುತ್ತಿದ್ದರು. ತಲೆಗೆ ಇಷ್ಟು ಎಂದು ವಸೂಲಿ ಮಾಡುವುದು ಅವರ ತಂದೆಗೆ ಹೊಳೆದಿರಲಿಲ್ಲ, ಅಷ್ಟೆ. ಈಗ ಆ ಉದ್ಯಮವನ್ನು ಹೆತ್ತ ಊರೇ ಅದಕ್ಕೆ ಮೂಗುದಾರ ಹಾಕಿದೆ: ಮನೆ ಕೊಡುವವರು ಅಲ್ಲೇ ವಾಸವಿರಬೇಕು, ನಗರದಲ್ಲಿ ನೋಂದಾಯಿಸಬೇಕು, ಮನೆಯವರಿಲ್ಲದಾಗ ಕೊಡುವುದಾದರೆ ವರ್ಷಕ್ಕೆ 90 ರಾತ್ರಿ ಮೀರಬಾರದು.

ಜಾಗ ಸಿಕ್ಕಿದರೂ ಅದು ಮಟ್ಟಸವಾಗಿರುತ್ತದೆಂಬ ಭರವಸೆಯಿಲ್ಲ. ಫಿಲ್ಬರ್ಟ್ ಬೀದಿಯ ಒಂದು ತುಂಡಿನ ಇಳಿಜಾರು 31.5 ಪರ್ಸೆಂಟ್, ಅಂದರೆ ನೂರು ಅಡಿ ಮುಂದೆ ಹೋಗುವಷ್ಟರಲ್ಲಿ ಮೂವತ್ತೊಂದೂವರೆ ಅಡಿ ಕೆಳಗಿರುತ್ತೀರಿ. ಇಳಿಜಾರು 3 ಪರ್ಸೆಂಟ್ ದಾಟಿದ ಎಲ್ಲ ಬೀದಿಗಳಲ್ಲೂ ನಿಲ್ಲಿಸಿದ ಕಾರಿನ ಮುಂಚಕ್ರವನ್ನು ಫುಟ್‌ಪಾತಿನ ಅಂಚಿಗೆ ತಡೆಯುವಂತೆ ತಿರುಗಿಸಿಡಬೇಕು, ಇಲ್ಲವಾದರೆ ದಂಡ. ಮಗ ಸ್ಟಿಯರಿಂಗ್ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು ಇಳಿದ. ಆಗುಂಬೆ ಘಾಟಿಯಲ್ಲಿ ಲಾರಿ ಕ್ಲೀನರುಗಳನ್ನು ನೋಡಿ ಬೆಳೆದ ಮೇಷ್ಟ್ರಿಗೆ ಇದು ಸಾಲಲಿಲ್ಲ.

"ಚಕ್ರಕ್ಕೊಂದು ಕಲ್ಲು ಕೊಡೋ."

"ಅಪ್ಪಾ, ಇಲ್ಲಿ ಕಲ್ಲೆಲ್ಲ ಸಿಗಲ್ಲ."

ಸಿಗಲಿಲ್ಲ, ನಿಜ. ಮೇಷ್ಟ್ರು ಎರಡು ಬೀದಿ ಹುಡುಕಿ, ಯಾರದೋ ಮನೆ ಮುಂದಿನ ಹೂಕುಂಡದ ಬಳಿ ಒಂದು ಕ್ಷಣ ಹೆಚ್ಚಾಗಿಯೇ ನಿಂತು, ವಾಪಸ್ಸು ಬಂದರು.

ಮಾರ್ಕೆಟ್ ಬೀದಿಯಲ್ಲಿ ಖಾಲಿ ಡ್ರೈವರ್ ಸೀಟಿನ ಬಿಳಿ ಕಾರೊಂದು ಬಂದು ಸಿಗ್ನಲ್ಲಿನಲ್ಲಿ ಶಿಸ್ತಾಗಿ ನಿಂತಿತು. ವೇಮೋ. 2024ರ ಜೂನಿನಿಂದ ಇಲ್ಲಿ ಯಾರು ಬೇಕಾದರೂ ಅದನ್ನು ಕರೆಸಿಕೊಂಡು ಹತ್ತಬಹುದು. ಅದೇ ವರ್ಷದ ಬೇಸಿಗೆಯಲ್ಲಿ ಅವು ತಂಗುವ ಬಯಲೊಂದರ ಸುತ್ತಲಿನವರಿಗೆ ನಿದ್ದೆ ತಪ್ಪಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಕಾರುಗಳು ಹಿಂದೆ ಮುಂದೆ ಸರಿಯುವಾಗ, ಡಿಕ್ಕಿಯಾಗದಿರಲೆಂದು ಒಂದಕ್ಕೊಂದು ಹಾರ್ನ್ ಹೊಡೆಯುತ್ತಿದ್ದವು. ಕೇಳಿಸಿಕೊಳ್ಳಲು ಯಾವುದರಲ್ಲೂ ಮನುಷ್ಯರಿಲ್ಲ. ಕೊನೆಗೆ ಕಂಪನಿ ಸಾಫ್ಟ್‌ವೇರ್ ತಿದ್ದಿತು. ಮಗ ಇದನ್ನು ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ: "ಅದಕ್ಕೆ ಕಲಿಸಿದೋನು ಸಿಲ್ಕ್ ಬೋರ್ಡ್ ಕಡೆಯೋನೇನೋ?"

ಸುಖವಾಗಿ ತಂಗಿದವರನ್ನು ಕಾಣಬೇಕಾದರೆ ಪಿಯರ್ 39ಕ್ಕೆ ಹೋಗಬೇಕು. 1989ರ ಅಕ್ಟೋಬರಿನ ಭೂಕಂಪ ಆದ ಸ್ವಲ್ಪ ದಿನಕ್ಕೆ ಕಡಲಸಿಂಹಗಳು ಒಂದೊಂದಾಗಿ ಬಂದು ಇಲ್ಲಿನ ದೋಣಿಕಟ್ಟೆಯ ಹಲಗೆಗಳ ಮೇಲೆ ಮಲಗಿದವು. 1990ರ ಹೊತ್ತಿಗೆ ನೂರಾರು. ದೋಣಿಯವರು ದೂರು ಕೊಟ್ಟರು. ಬಲ್ಲವರನ್ನು ಕೇಳಿದರೆ ಅವನ್ನು ಹಾಗೇ ಬಿಡಿ ಎಂದರು. ದೋಣಿಗಳೇ ಜಾಗ ಖಾಲಿ ಮಾಡಿದವು. 2009ರ ಕೊನೆಗೆ ಹೇಳದೆ ಕೇಳದೆ ಕಡಲಸಿಂಹಗಳೂ ಹೊರಟುಹೋದಾಗ ಊರಿಗೆ ಊರೇ ಪೇಚಾಡಿತು. ಆಮೇಲೆ ತಾವಾಗಿಯೇ ಬಂದವು. 2024ರಲ್ಲಿ ಮೀನು ಹೇರಳವಾಗಿದ್ದಾಗ ಸಾವಿರದ ಮೇಲಾದವು. ಒಂದರ ಮೇಲೊಂದು ಬಿದ್ದುಕೊಂಡು, ಜಾಗಕ್ಕಾಗಿ ಒಂದನ್ನೊಂದು ತಳ್ಳಿ ನೀರಿಗೆ ಬೀಳಿಸಿ, ಬೊಗಳಿ, ಮತ್ತೆ ನಿದ್ದೆ.

ಮೇಷ್ಟ್ರ ಮನೆಯವರು ಕಂಬಿಗೆ ಆತು ನಿಂತು ಬಹಳ ಹೊತ್ತು ನೋಡಿದರು.

"ಇವಕ್ಕೆ ಆ ಹದಿನಾಲ್ಕು ಪರ್ಸೆಂಟು ಹಾಕಲ್ವೇನೋ?"

ಮಗ ಉತ್ತರ ಕೊಡಲಿಲ್ಲ. ಪಾರ್ಕಿಂಗ್ ಅವಧಿ ಮುಗಿಯುವುದಕ್ಕೆ ಹನ್ನೊಂದು ನಿಮಿಷ ಉಳಿದಿತ್ತು, ಕಾರು ಗುಡ್ಡದ ಮೇಲಿತ್ತು.