ಹಲ್ಲು ಕೀಳಿಸುವವರ ಗಮನಕ್ಕೆ

ಹಾರ್ಟ್ ಆಪರೇಷನ್ ಇದೆ ಎಂದರೆ ಜನ ಗಂಭೀರವಾಗಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಹಲ್ಲು ಕೀಳಿಸಬೇಕಂತೆ ಎಂದು ಹೇಳಿ ನೋಡಿ, ಎಲ್ಲರಿಗೂ ಮಾತು ಬಂದುಬಿಡುತ್ತದೆ. ಇಸ್ತ್ರಿ ಅಂಗಡಿಯವನು, ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತರು, ಒಬ್ಬೊಬ್ಬರ ಬಳಿಯೂ ಒಂದೊಂದು ಕಥೆ. ಒಬ್ಬರ ಷಡ್ಡಕನಿಗೆ ಬೇರು ಮುರಿದು ಒಳಗೇ ಉಳಿದಿತ್ತಂತೆ. ಇನ್ನೊಬ್ಬರ ಅತ್ತಿಗೆಗೆ ಡಾಕ್ಟರು ನೋವಿದ್ದ ಹಲ್ಲನ್ನು ಬಿಟ್ಟು ಪಕ್ಕದ್ದನ್ನು ಕಿತ್ತಿದ್ದರಂತೆ. ಹಲ್ಲಿರುವವರೆಲ್ಲ ಬಲ್ಲವರು, ಹಲ್ಲಿಲ್ಲದವರು ಇನ್ನೂ ಹೆಚ್ಚು ಬಲ್ಲವರು.

ಅವರೆಲ್ಲರ ಮೊದಲ ಪ್ರಶ್ನೆ ಮಾತ್ರ ಒಂದೇ: "ಮೇಲಿನದೋ, ಕೆಳಗಿನದೋ?" ಕೆಳಗಿನದು ಎಂದರೆ ಸಮಾಧಾನ. ಮೇಲಿನದು ಎಂದಿರೋ, ಮುಗಿಯಿತು. "ಕಣ್ಣಿಗೆ ಡೇಂಜರ್ ಕಣ್ರೀ, ನರ ಸೀದಾ ಅಲ್ಲಿಗೇ ಹೋಗಿರುತ್ತೆ." ಇದನ್ನು ಅಜ್ಜಿ ಪುರಾಣ ಎಂದು ತಳ್ಳಿಹಾಕುವ ಹಾಗಿಲ್ಲ, ಮೂಲ ದೊಡ್ಡವರದೇ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿದೆ: ಮೇಲುಸಾಲಿನ ಹಲ್ಲು ಅಲ್ಲಾಡುತ್ತಿದ್ದರೂ ವೈದ್ಯ ಅದನ್ನು ಕೀಳಕೂಡದು, ಕಿತ್ತರೆ ರಕ್ತ ವಿಪರೀತ ಸುರಿದು ರೋಗಿ ಒಕ್ಕಣ್ಣನಾದಾನು, ಮುಖ ಸೊಟ್ಟಗಾದೀತು. ಹಲ್ಲಿನ ನರವೇ ಬೇರೆ, ದೃಷ್ಟಿಯ ನರವೇ ಬೇರೆ ಎಂದು ಇಂದಿನ ಡಾಕ್ಟರು ಚಿತ್ರ ಬರೆದು ತೋರಿಸುತ್ತಾರೆ. ಹಾಗಂತ ಸುಶ್ರುತನನ್ನು ನೋಡಿ ನಗಬೇಕಾಗಿಯೂ ಇಲ್ಲ. ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಮೇಲ್ದವಡೆಯ ಕೀವು ಕಣ್ಣಿನ ಗೂಡಿಗೆ ಏರಿದ್ದನ್ನು ಯಾರೋ ಕಂಡಿದ್ದಿರಬಹುದು. ನನ್ನ ಆಶ್ಚರ್ಯ ಬೇರೆಯೇ. ಸಂಹಿತೆಯನ್ನು ಕಣ್ಣಿಂದಲೂ ಕಾಣದ ಇಸ್ತ್ರಿ ಅಂಗಡಿಯವನಿಗೆ ಆ ಒಂದು ಶ್ಲೋಕದ ಸಾರ ಮಾತ್ರ ಹೇಗೆ ಚಾಚೂ ತಪ್ಪದೆ ತಲುಪಿತು?

ನನ್ನದು ಕೆಳಗಿನ ಎಡದವಡೆ ಹಲ್ಲು. ಅರ್ಧ ಒಡೆದು, ಮೂಲೆ ಚೂಪಾಗಿ, ನಾಲಿಗೆಗೆ ಹಗಲಿರುಳು ಕೆಲಸ ಕೊಟ್ಟಿತ್ತು. ಲವಂಗದೆಣ್ಣೆ ಹತ್ತಿ, ಉಪ್ಪುನೀರು ಎಲ್ಲ ಆದ ಮೇಲೆ ಎಕ್ಸ್‌ರೇ ತೆಗೆಸಿದ್ದಾಯಿತು. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು, ಬೇರು ಸೀಳಿದೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೂ ನಿಲ್ಲೋದಿಲ್ಲ ಎಂದರು. ಆಮೇಲೆ ವಿಚಾರಣೆ: ಬಿಪಿ ಇದೆಯಾ, ಶುಗರ್ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಮೂಳೆ ಗಟ್ಟಿಯಾಗುವ ಇಂಜೆಕ್ಷನ್ ಏನಾದರೂ? ಹೆಣ್ಣು ನೋಡಲು ಹೋದಾಗಲೂ ನನ್ನನ್ನು ಇಷ್ಟು ಕೇಳಿರಲಿಲ್ಲ. ಆದರೆ ಇಲ್ಲಿ ಮುಚ್ಚಿಡಬಾರದು. ಹಾಗೆಯೇ, ನಾವಾಗಿ ಜಾಣತನ ಮಾಡಿ ಯಾವ ಮಾತ್ರೆಯನ್ನೂ ನಿಲ್ಲಿಸಿ ಹೋಗಲೂಬಾರದು. ಇನ್ನೊಂದು, ದೇವಸ್ಥಾನಕ್ಕೆ ಹೋಗುವವರಂತೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಬರೀ ಜಾಗ ಮರಗಟ್ಟಿಸಿ ಕೀಳುವುದಾದರೆ ಎರಡು ಇಡ್ಲಿ ತಿಂದು ಹೋದವನೇ ಸುಖಿ, ಆಮೇಲೆ ತಿನ್ನುವ ಯೋಗ ಯಾವಾಗಲೋ ಏನೋ.

ನೋವು ಅಂತ ಒಂದಿದ್ದರೆ ಅದು ಆ ಸೂಜಿಯದು. ಕೆಳದವಡೆಗೆ ತೀರಾ ಹಿಂದೆ, ನರ ಮೂಳೆಯೊಳಗೆ ಹೊಕ್ಕುವ ಕಡೆ ಚುಚ್ಚುತ್ತಾರೆ. ಮದ್ದು ಲಿಗ್ನೊಕೇನ್. ಅದರ ಜೊತೆ ಚೂರೇ ಚೂರು ಅಡ್ರಿನಲಿನ್ ಬೆರೆಸಿರುತ್ತಾರೆ. ರಕ್ತನಾಳ ಕಿರಿದಾಗಿ ಮದ್ದು ಅಲ್ಲೇ ನಿಲ್ಲಲಿ, ರಕ್ತವೂ ಕಡಿಮೆ ಸುರಿಯಲಿ ಅಂತ. ಅದರಿಂದ ಎದೆ ಒಂದೆರಡು ನಿಮಿಷ ಡವಡವ ಎನ್ನಬಹುದು. ನಾನು ಅದನ್ನು ಪುಕ್ಕಲುತನ ಎಂದುಕೊಳ್ಳದೆ ಅಡ್ರಿನಲಿನ್ ಖಾತೆಗೆ ಬರೆದೆ. ಸ್ವಲ್ಪ ಹೊತ್ತಿಗೆ ತುಟಿಯ ಅರ್ಧ, ನಾಲಿಗೆಯ ಅರ್ಧ ನನ್ನವಲ್ಲ ಅನ್ನಿಸತೊಡಗಿತು.

ಈ ಮರಗಟ್ಟುವ ಸುಖಕ್ಕೆ ನಾವು ಯಾರ್ಯಾರಿಗೋ ಋಣಿಗಳು. ಅಮೆರಿಕದ ಹಾರ್ಟ್‌ಫರ್ಡ್ ಊರಿನಲ್ಲಿ ಹೊರೇಸ್ ವೆಲ್ಸ್ ಎಂಬ ದಂತವೈದ್ಯನಿದ್ದ. 1844ರ ಡಿಸೆಂಬರ್ 10ರಂದು ನಗೆ ಅನಿಲದ ಒಂದು ತಮಾಷೆ ಪ್ರದರ್ಶನಕ್ಕೆ ಹೋದ. ಅನಿಲ ಎಳೆದುಕೊಂಡು ಕುಣಿದವನೊಬ್ಬ ಕಾಲಿಗೆ ಗಾಯ ಮಾಡಿಕೊಂಡರೂ ಅವನಿಗೆ ಅದು ಗೊತ್ತೇ ಆಗಲಿಲ್ಲ. ಉಳಿದವರೆಲ್ಲ ನಕ್ಕು ಮನೆಗೆ ಹೋದರು. ವೆಲ್ಸ್ ಮರುದಿನವೇ ಅದೇ ಅನಿಲ ಸೇವಿಸಿ ತನ್ನ ಹಲ್ಲನ್ನೇ ಸಹೋದ್ಯೋಗಿಯಿಂದ ಕೀಳಿಸಿಕೊಂಡ. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ವೈದ್ಯ ವಿದ್ಯಾರ್ಥಿಗಳೆದುರು ಇನ್ನೊಬ್ಬರ ಹಲ್ಲು ಕಿತ್ತು ತೋರಿಸಹೋದಾಗ ಮಾತ್ರ ರೋಗಿ ಕೂಗಿಕೊಂಡ, ನೆರೆದವರು ಮೋಸ ಮೋಸ ಎಂದು ಗೇಲಿ ಮಾಡಿ ಕಳಿಸಿದರು. 1846ರಲ್ಲಿ ಅವನ ಹಳೆಯ ಪಾಲುದಾರ ವಿಲಿಯಂ ಮಾರ್ಟನ್ ಈಥರ್ ಬಳಸಿ ಹಲ್ಲು ಕಿತ್ತು, ಆಮೇಲೆ ಬಾಸ್ಟನ್ನಿನ ವೈದ್ಯರಿಂದ ಭೇಷ್ ಅನ್ನಿಸಿಕೊಂಡ. ವೆಲ್ಸನ ಬದುಕು ಎರಡೇ ವರ್ಷದಲ್ಲಿ ಕೆಟ್ಟದಾಗಿ ಮುಗಿಯಿತು. ತನ್ನ ಹಲ್ಲನ್ನೇ ಪಣಕ್ಕಿಟ್ಟವನಿಗೆ ಆ ಊರಿನವರು ಇನ್ನೊಂದು ಅವಕಾಶ ಕೊಡಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ಕೀಳುವ ವಿಷಯ. ಹಲ್ಲು ಕೀಳುವುದು ಎಂದರೆ ಎಳೆಯುವುದು ಎಂದು ನಾವು ತಿಳಿದಿದ್ದೇವೆ. ಇಕ್ಕಳ ಮೊದಲು ಮಾಡುವುದು ಒಳಕ್ಕೆ ಒತ್ತುವ ಕೆಲಸ. ಹಲ್ಲೇನೂ ಮೂಳೆಗೆ ನೇರ ಅಂಟಿಕೊಂಡಿರುವುದಿಲ್ಲ, ನಡುವೆ ಸಣ್ಣ ನಾರುಗಳ ಪದರವಿದೆ. ಚಪ್ಪಟೆ ತುದಿಯ ಒಂದು ಸಲಕರಣೆಯಿಂದ ಆ ನಾರುಗಳನ್ನು ಸಡಿಲಿಸಿ, ಕೆನ್ನೆಯ ಕಡೆಗೊಮ್ಮೆ ನಾಲಿಗೆಯ ಕಡೆಗೊಮ್ಮೆ ವಾಲಿಸಿ ಗುಳಿಯನ್ನು ಅಗಲ ಮಾಡುತ್ತಾರೆ. ತೋಟದ ಬೇಲಿಗೂಟವನ್ನು ಹಿಂದೆ ಮುಂದೆ ಅಲ್ಲಾಡಿಸಿ ಕೀಳುವಂತೆಯೇ. ನೋವಿಲ್ಲ. ಒತ್ತಡ ಮಾತ್ರ ಪೂರ್ತಿ ಗೊತ್ತಾಗುತ್ತದೆ, ಏಕೆಂದರೆ ಒತ್ತಡ ಒಯ್ಯುವ ನರತಂತುಗಳು ದಪ್ಪ, ಅವು ಈ ಮದ್ದಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಮತ್ತೆ ಆ ಸದ್ದು! ಲಟಕ್ ಎಂದು ಒಂದು, ಕಿರ್ರೆಂದು ಇನ್ನೊಂದು. ಹೊರಗೆ ಕೂತ ಹೆಂಡತಿಗೆ ಏನೂ ಕೇಳಿಸಿಲ್ಲವಂತೆ. ನನಗೆ ಮಾತ್ರ ದವಡೆ ಮೂಳೆಯ ಮೂಲಕ ನೇರ ಪ್ರಸಾರ. ಈ ಸದ್ದಿನ ಬಗ್ಗೆ ಮೊದಲೇ ಹೇಳಿಟ್ಟಿದ್ದರೆ ಅರ್ಧ ಭಯ ಇರುತ್ತಿರಲಿಲ್ಲ. ಅಷ್ಟು ಉಪದೇಶ ಮಾಡಿದವರಲ್ಲಿ ಒಬ್ಬರೂ ಈ ಒಂದು ಉಪಯೋಗದ ಮಾತು ಆಡಿರಲಿಲ್ಲ.

ಇದರ ನಡುವೆ ಡಾಕ್ಟರಮ್ಮನ ಕುಶಲೋಪರಿ. "ಮಗ ಏನ್ ಓದ್ತಿದ್ದಾನೆ ಸರ್?" ಬಾಯಲ್ಲಿ ಇಕ್ಕಳ, ಹತ್ತಿ, ಎಂಜಲು ಹೀರುವ ಕೊಳವೆ. ನಾನು "ಆಂ ಆಂ ಗ್ಗ" ಎಂದೆ. "ಓ, ಇಂಜಿನಿಯರಿಂಗಾ, ಒಳ್ಳೇದು" ಎಂದರು. ಸರಿಯಾಗಿಯೇ ಇತ್ತು! ಈ ಭಾಷೆಗೂ ಅವರ ಕಾಲೇಜಿನಲ್ಲಿ ಒಂದು ಪೇಪರ್ ಇರಬೇಕು.

ಟ್ರೇಯಲ್ಲಿಟ್ಟ ಹಲ್ಲನ್ನು ನೋಡಿದಾಗ ತುಸು ಗೌರವವೇ ಬಂತು. ಬಾಯಲ್ಲಿ ಕಾಣುತ್ತಿದ್ದುದು ತಲೆ ಮಾತ್ರ, ಹಳದಿ ಬೇರುಗಳು ಅದರ ದುಪ್ಪಟ್ಟು ಉದ್ದ. ತುದಿಗೆ ಒಂದಿಷ್ಟು ಕೆಂಪು ತೊಗಟೆ ಅಂಟಿಕೊಂಡಿತ್ತು. ಮನೆಗೆ ಒಯ್ಯುತ್ತೀರಾ ಎಂದು ಕೇಳಿದರು. ಚಿಕ್ಕವರಿದ್ದಾಗ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿ ಉಂಡೆ ಮಾಡಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಈಗಿನ ಅಪಾರ್ಟ್‌ಮೆಂಟಿನಲ್ಲಿ ಹೆಂಚೂ ಇಲ್ಲ, ಸಗಣಿಗೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಬೇಕು, ಮೇಲಾಗಿ ಈ ಹಲ್ಲಿನ ಜಾಗದಲ್ಲಿ ಹೊಸದು ಹುಟ್ಟುವುದೂ ಇಲ್ಲ. ಬೇಡ ಎಂದೆ. ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಯಿತು.

ಮನೆಗೆ ಬಂದ ಮೇಲಿನದೇ ನಿಜವಾದ ವ್ರತ. ಗಾಜ್ ಬಟ್ಟೆಯನ್ನು ಮುಕ್ಕಾಲು ಗಂಟೆ ಕಚ್ಚಿ ಹಿಡಿಯಬೇಕು. ಉಗುಳಬಾರದು, ಸ್ಟ್ರಾ ಹಾಕಿ ಏನನ್ನೂ ಹೀರಬಾರದು, ಸಿಗರೇಟು ಕೂಡದು, ಬಿಸಿಯದು ಯಾವುದೂ ಕೂಡದು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಅದಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಮೂಳೆ ಬರಿದಾಗಿ, ಎರಡು ಮೂರು ದಿನಕ್ಕೆ ಕಿವಿಯವರೆಗೂ ಸಿಡಿಯುವ ನೋವು ಶುರುವಾಗುತ್ತದೆ, ಡ್ರೈ ಸಾಕೆಟ್ ಅಂತಾರೆ. ಹಾಗಾದರೆ ಸಹಿಸಿಕೊಂಡು ಕೂರದೆ ಮತ್ತೆ ಡಾಕ್ಟರ ಹತ್ತಿರ ಓಡಬೇಕು. ಉಪ್ಪುನೀರಿನ ಮುಕ್ಕಳಿಕೆ ಮರುದಿನದಿಂದ, ಅದೂ ಮೆಲ್ಲಗೆ. ಐಸ್‌ಕ್ರೀಮ್ ತಿನ್ನಬಹುದು. ಐವತ್ತು ದಾಟಿದ ಗಂಡಸೊಬ್ಬ ಶುಗರ್ ಇಲ್ಲದ ಒಂದೇ ಪುಣ್ಯದಿಂದ ಹಗಲು ಹೊತ್ತಿನಲ್ಲಿ ಮಂಚದ ಮೇಲೆ ಕೂತು, ಡಾಕ್ಟರ ಅಪ್ಪಣೆಯ ಮೇರೆಗೆ ಐಸ್‌ಕ್ರೀಮ್ ತಿನ್ನುವ ಸುಖವನ್ನು ಯಾರೂ ಹೊಗಳಿ ಬರೆದಿಲ್ಲ. ಬೆಳಗಿನ ಬಿಸಿ ಕಾಫಿ ತಪ್ಪಿದ ದುಃಖ ಮಾತ್ರ ಅದರಿಂದ ತೀರಲಿಲ್ಲ. ಆರಿದ ಫಿಲ್ಟರ್ ಕಾಫಿಯನ್ನು ಕುಡಿದೆ, ಅರ್ಧ ತುಟಿ ಸತ್ತಿದ್ದರಿಂದ ಅದರಲ್ಲಿ ಕಾಲುಭಾಗವನ್ನು ಅಂಗಿಯೂ ಕುಡಿಯಿತು.

ಈಗ ಖಾಲಿ ಜಾಗದ ಪ್ರಶ್ನೆ ಎದ್ದಿದೆ. ಬ್ರಿಡ್ಜ್ ಹಾಕಿಸಿದರೆ ಅಕ್ಕಪಕ್ಕದ ನಿರಪರಾಧಿ ಹಲ್ಲುಗಳನ್ನು ಉಜ್ಜಿ ಸಣ್ಣ ಮಾಡಬೇಕು. ಇಂಪ್ಲಾಂಟ್ ಎಂದರೆ ದವಡೆಗೆ ಟೈಟಾನಿಯಂ ತಿರುಪು. ಲಿಗ್ನೊಕೇನನ್ನು 1943ರಲ್ಲಿ ತಯಾರಿಸಿದ ನಿಲ್ಸ್ ಲೋಫ್‌ಗ್ರೆನ್ ಸ್ವೀಡನ್ನಿನವನು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಗೆ ಅಂಥ ತಿರುಪು ಹಾಕಿದ ಬ್ರೋನೆಮಾರ್ಕ್ ಕೂಡ ಸ್ವೀಡನ್ನಿನವನೇ. ಕೀಳಲು ಮದ್ದು ಕೊಟ್ಟವರೂ ಅವರೇ, ಕಿತ್ತ ಜಾಗ ತುಂಬಿಸಲು ಕಲಿಸಿದವರೂ ಅವರೇ. ಮೂಳೆ ತುಂಬಲು ಕೆಲವು ತಿಂಗಳು ಕಾಯಬೇಕು ಎಂದಿದ್ದಾರೆ ಡಾಕ್ಟರಮ್ಮ. ಅವರು ಹೇಳಿದ ದರ ಕೇಳಿದ ಮೇಲೆ ಕಾಯುವುದರಲ್ಲಿ ನನಗೂ ಅವಸರವಿಲ್ಲ. ಸದ್ಯಕ್ಕೆ ಚಕ್ಕುಲಿ, ಕೋಡುಬಳೆ ಎಲ್ಲ ಬಲಗಡೆಗೇ ವಹಿಸಿದ್ದೇನೆ.