ಸರದಿ ಕಾಯುವ ರಾಕ್ಷಸರು

ಜಪಾನಿನ ರೋಲ್-ಪ್ಲೇಯಿಂಗ್ ಗೇಮುಗಳಲ್ಲಿ ಬರುವ ರಾಕ್ಷಸರಷ್ಟು ಮರ್ಯಾದಸ್ಥರನ್ನು ನಾನು ಮನುಷ್ಯರಲ್ಲೂ ಹೆಚ್ಚು ಕಂಡಿಲ್ಲ. ನೋಡಲು ಭಯಂಕರ: ಮೂರು ತಲೆ, ಆರು ಕೋರೆ, ಬಾಯಿ ತೆರೆದರೆ ಬೆಂಕಿ. ಆದರೆ ನೀವು ಕತ್ತಿ ಹಿರಿದು ಎದುರಿಗೆ ನಿಂತಿರೋ, ಅವನೂ ಸುಮ್ಮನೆ ನಿಂತುಬಿಡುತ್ತಾನೆ. ಪರದೆಯ ಕೆಳಗೊಂದು ಚೌಕ ತೆರೆದುಕೊಂಡು, ಹೊಡೆಯುತ್ತೀರೋ, ಮಂತ್ರ ಹಾಕುತ್ತೀರೋ, ಮದ್ದು ಕುಡಿಯುತ್ತೀರೋ, ಓಡಿಹೋಗುತ್ತೀರೋ ಎಂದು ವಿಚಾರಿಸುತ್ತದೆ. ನೀವು ಒಂದು ತೀರ್ಮಾನಕ್ಕೆ ಬರುವ ತನಕ ಆ ಮೂರು ತಲೆಯವನು ಎದೆ ಉಬ್ಬಿಸಿ ಇಳಿಸಿ ಉಸಿರಾಡುತ್ತಾ ಕಾಯುತ್ತಾನೆ. ಮಧ್ಯೆ ಎದ್ದು ಹೋಗಿ ಹಾಲಿನವನ ಲೆಕ್ಕ ಚುಕ್ತಾ ಮಾಡಿ, ಅವನ ಜೊತೆ ಚಿಲ್ಲರೆಗೆ ಜಗಳವಾಡಿ ಬಂದರೂ ಈತ ಅಲ್ಲೇ ಇರುತ್ತಾನೆ. ನಿಮ್ಮ ಏಟು ಬಿದ್ದ ಮೇಲೆಯೇ ಅವನ ಏಟು.

ಈ ಸಭ್ಯ ರಾಕ್ಷಸರ ಪರಿಚಯ ನನಗಾದದ್ದು ಅಕ್ಕನ ಮಗನಿಂದ. ಹೈಸ್ಕೂಲಿನಲ್ಲಿದ್ದಾಗ ಮೆಜೆಸ್ಟಿಕ್ ಕಡೆಯಿಂದ ಒಂದು ಸಿ.ಡಿ. ತಂದಿದ್ದ, ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಫೈನಲ್ ಫ್ಯಾಂಟಸಿ 7’ ಎಂದು ಬರೆದಿತ್ತು. ಈಗ ಅವನು ಸಿಯಾಟಲ್ ಬಳಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ನೆತ್ತಿ ಬಯಲಾಗಿದೆ, ಆದರೆ ಭಕ್ತಿ ಕರಗಿಲ್ಲ. “ಮಾಮ, ಈ ಥರ ಗೇಮುಗಳ ಕಾಲ ಮುಗೀತು ಅಂತ ಇಲ್ಲಿ ಆಫೀಸಿನಲ್ಲಿ ಎಷ್ಟು ವರ್ಷ ಗೇಲಿ ಮಾಡಿಸಿಕೊಂಡಿದ್ದೀನಿ ಗೊತ್ತಾ? ಈಗ ಅದೇ ಜನ ಬಂದು, ಯಾವುದರಿಂದ ಶುರು ಮಾಡಲಿ ಅಂತ ಕೇಳ್ತಾರೆ” ಎಂದು ಫೋನಿನಲ್ಲಿ ಹೇಳಿದಾಗ, ಸ್ವಂತ ಮನೆ ಕೊಂಡಾಗಲೂ ಇಲ್ಲದ ಗೆಲುವು ದನಿಯಲ್ಲಿತ್ತು. ಜಪಾನಿನ ಈ ಆಟಗಳು ಪಶ್ಚಿಮದವರ ಮನಸ್ಸನ್ನು ಮತ್ತೆ ಗೆಲ್ಲಬಲ್ಲವೇ ಎನ್ನುವುದು ಅವನ ಮಟ್ಟಿಗೆ ವಂಶದ ಮಾನದ ಪ್ರಶ್ನೆ.

ನನಗೋ ಇದರಲ್ಲಿ ಮೊದಲು ಕಾಣುವುದು ತಮಾಷೆ. ಮತ್ತೆ ಗೆಲ್ಲುವುದೆಂದರೇನು, ಇದು ಮೂಲದಲ್ಲಿ ಅವರದೇ ಕೂಸು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕಟ್ಟಿದರು. 1981ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ ಇಬ್ಬರು ಹುಡುಗರು ಅದೇ ಧಾಟಿಯಲ್ಲಿ ಕಂಪ್ಯೂಟರಿಗೆ ‘ವಿಜರ್ಡ್ರಿ’ ಬರೆದರು. ಅದೇ ವರ್ಷ ರಿಚರ್ಡ್ ಗ್ಯಾರಿಯಟ್‌ನ ‘ಅಲ್ಟಿಮಾ’ವೂ ಬಂತು. ಜಪಾನಿನಲ್ಲಿ ಯೂಜಿ ಹೋರಿ ಎಂಬ ಪತ್ರಿಕಾ ಬರಹಗಾರ ಇವೆರಡಕ್ಕೂ ಮರುಳಾದ. ಆದರೆ ಅವನ ದೇಶದ ಮಕ್ಕಳ ಕೈಯಲ್ಲಿದ್ದದ್ದು ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್. ಅದಕ್ಕೆ ಕೀಬೋರ್ಡ್ ಇಲ್ಲ, ಇರುವುದು ನಾಲ್ಕೈದು ಗುಂಡಿ. ಹಾಗಾಗಿ ಹೋರಿ ಎಲ್ಲವನ್ನೂ ಬಟ್ಟಿ ಇಳಿಸಿದ. 1986ರ ‘ಡ್ರ್ಯಾಗನ್ ಕ್ವೆಸ್ಟ್’ನಲ್ಲಿ ಒಬ್ಬನೇ ನಾಯಕ, ಒಂದು ಸಲಕ್ಕೆ ಒಬ್ಬನೇ ಶತ್ರು, ಗುಂಡಿ ಒತ್ತಿದರೆ ತೆರೆಯುವ ಒಂದು ಚೌಕ. ಅವನು ಲೋಳೆಯ ಗುಪ್ಪೆಯಂತೆ ಗೀಚಿಕೊಟ್ಟ ಸ್ಲೈಮ್ ಎಂಬ ಜೀವಿಯನ್ನು ಚಿತ್ರಕಾರ ಅಕಿರಾ ತೋರಿಯಾಮ ನೀಲಿ ಹನಿಯಾಗಿಸಿ ಮುಖಕ್ಕೊಂದು ನಗು ಅಂಟಿಸಿದರು. ಹೊಡೆಯಲು ಮನಸ್ಸೇ ಬಾರದಂಥ ಶತ್ರು!

ಜಪಾನಿಗೆ ಹುಚ್ಚು ಹಿಡಿಯಿತು. 1988ರ ಫೆಬ್ರವರಿಯ ಒಂದು ಬುಧವಾರ ಮೂರನೆಯ ಭಾಗ ಮಾರಾಟಕ್ಕೆ ಬಂದಾಗ ಹುಡುಗರು ಶಾಲೆಗೆ ಚಕ್ಕರ್ ಹೊಡೆದು ಅಂಗಡಿಗಳ ಮುಂದೆ ಸಾಲು ನಿಂತರು. ಆಮೇಲಿನ ಭಾಗಗಳು ರಜೆಯ ದಿನ ನೋಡಿಕೊಂಡು ಬಂದವು. ಅದಕ್ಕಾಗಿ ಸರ್ಕಾರ ಕಾನೂನನ್ನೇ ಮಾಡಿತು ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ಅಂಥ ಕಾನೂನೇನೂ ಆಗಿಲ್ಲ, ಆಗಿದ್ದರೆ ಚೆನ್ನಾಗಿರುತ್ತಿತ್ತು.

ಅಮೆರಿಕದಲ್ಲಿ? 1989ರಲ್ಲಿ ‘ಡ್ರ್ಯಾಗನ್ ವಾರಿಯರ್’ ಎಂಬ ಹೆಸರಿನಲ್ಲಿ ಮೊದಲ ಭಾಗ ಅಲ್ಲಿಗೂ ಹೋಯಿತು. ಭಾರಿ ನಿರೀಕ್ಷೆಯಿಂದ ಅಚ್ಚು ಹಾಕಿಸಿದ ಪ್ರತಿಗಳು ಉಳಿದುಹೋದವು. ಕೊನೆಗೆ ನಿಂಟೆಂಡೊ ತನ್ನ ಪತ್ರಿಕೆಗೆ ಚಂದಾದಾರರಾದವರಿಗೆ ಗೇಮನ್ನು ಪುಕ್ಕಟೆ ಹಂಚಿತು. ನಮ್ಮಲ್ಲಿ ಯುಗಾದಿ ವಿಶೇಷಾಂಕದ ಜೊತೆ ಶಾಂಪೂ ಪೊಟ್ಟಣ ಕೊಟ್ಟಹಾಗೆ. ಮತ್ತೆ ಜನಪ್ರಿಯವಾಗುತ್ತವೆಯೇ ಎಂದು ಕೇಳುವವರು ಈ ಪುಕ್ಕಟೆ ದಿನಗಳನ್ನು ಮರೆತಿರುತ್ತಾರೆ.

ಇನ್ನೂ ದೊಡ್ಡ ಎಡವಟ್ಟು 1995ರ ‘ಅರ್ತ್‌ಬೌಂಡ್’ನದು. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ಇಷ್ಟವಾದ ಅಧ್ಯಾಯ ಇದು. ಬರೆದವರು ಶಿಗೆಸಾಟೊ ಇತೋಯ್, ವೃತ್ತಿಯಲ್ಲಿ ಹೆಸರಾಂತ ಜಾಹೀರಾತು ಬರಹಗಾರ. ಜಪಾನಿನಲ್ಲಿ ಕೂತು ಅವರು ಅಮೆರಿಕದ ಒಂದು ಸಣ್ಣ ಊರನ್ನು ಕಲ್ಪಿಸಿದರು. ಅದರ ವೀರ ಟೋಪಿ ಹಾಕಿದ ಪುಟ್ಟ ಹುಡುಗ, ಆಯುಧ ಬೇಸ್‌ಬಾಲ್ ಬ್ಯಾಟು. ಅಪ್ಪ ಒಮ್ಮೆಯೂ ಮುಖ ತೋರಿಸುವುದಿಲ್ಲ, ಫೋನಿನಲ್ಲಿ ಮಾತ್ರ ಸಿಗುತ್ತಾನೆ. ಅಪ್ಪನಿಗೆ ಫೋನ್ ಮಾಡಿದರೇ ಆಟ ಸೇವ್ ಆಗುವುದು, ಹುಡುಗನ ಖಾತೆಗೆ ದುಡ್ಡು ಹಾಕುವವನೂ ಅವನೇ. ಊರೂರು ಅಲೆಯುತ್ತಾ ಈ ವೀರನಿಗೆ ಮನೆ ನೆನಪಾಗಿ ಬೇಜಾರು ಹತ್ತುತ್ತದೆ. ಆಗ ಯುದ್ಧದ ನಡುವೆ ಅವನಿಗೆ ಕೈಯೇ ಏಳುವುದಿಲ್ಲ. ಅದಕ್ಕೆ ಮದ್ದು ಮಂತ್ರ ಯಾವುದೂ ಇಲ್ಲ, ಅಮ್ಮನಿಗೆ ಫೋನ್ ಮಾಡಬೇಕು. ಹಾಸ್ಟೆಲಿನಲ್ಲಿದ್ದು ಓದಿದ ಯಾರಿಗಾದರೂ ಇದು ಅರ್ಥವಾದೀತು. ಇಷ್ಟು ಮುದ್ದಾದ ಆಟವನ್ನು ಅಮೆರಿಕದಲ್ಲಿ ಮಾರಲು ಹೊರಟವರು ಮಾಡಿದ್ದೇನು? ‘ಈ ಗೇಮ್ ನಾರುತ್ತದೆ’ ಎಂದು ಜಾಹೀರಾತು ಕೊಟ್ಟರು. ಪತ್ರಿಕೆಗಳಲ್ಲಿ ಉಜ್ಜಿದರೆ ಕೆಟ್ಟ ವಾಸನೆ ಬರುವ ಪುಟಗಳನ್ನೂ ಸೇರಿಸಿದರು. ಜನ ಮಾತನ್ನು ನಂಬಿ ದೂರ ಉಳಿದರು. ಅಮೆರಿಕವನ್ನು ಪ್ರೀತಿಸಿ ಬರೆದ ಗೇಮು ಅಮೆರಿಕದಲ್ಲೇ ಬಿದ್ದುಹೋಯಿತು. ಆದರೆ ಬೆರಳೆಣಿಕೆಯ ಕೆಲವು ಮಕ್ಕಳು ಅದನ್ನು ಆಡಿ ಎದೆಗಿಳಿಸಿಕೊಂಡಿದ್ದರು. ಅವರಲ್ಲೊಬ್ಬ ಟೋಬಿ ಫಾಕ್ಸ್. ಬೆಳೆದು ದೊಡ್ಡವನಾಗಿ, 2015ರಲ್ಲಿ, ಬಹುಪಾಲು ಒಬ್ಬನೇ ಕೂತು ‘ಅಂಡರ್‌ಟೇಲ್’ ಮಾಡಿದ. ಅದರಲ್ಲಿ ರಾಕ್ಷಸರನ್ನು ಕೊಲ್ಲಲೇಬೇಕೆಂದಿಲ್ಲ, ಮಾತಾಡಿಸಿ ಕಳಿಸಬಹುದು. ಜಗತ್ತೇ ಆಡಿತು.

ಪಶ್ಚಿಮ ನಿಜಕ್ಕೂ ಒಲಿದದ್ದು 1997ರಲ್ಲಿ, ಅಳಿಯನ ಆ ‘ಫೈನಲ್ ಫ್ಯಾಂಟಸಿ 7’ಕ್ಕೆ. ಸೋನಿ ಕಂಪನಿ ದುಡ್ಡು ಸುರಿದು ಸಿನಿಮಾದ ಹಾಗೆ ಜಾಹೀರಾತು ಮಾಡಿತು. ಪ್ಲೇಸ್ಟೇಷನ್‌ನ ಮೂರು ಸಿ.ಡಿ.ಗಳಷ್ಟು ಕಥೆ. ಮೊದಲನೆಯದು ಮುಗಿಯುವ ಹೊತ್ತಿಗೆ ಹೂ ಮಾರುವ ಹುಡುಗಿ ಏರಿತ್ ಸಾಯುತ್ತಾಳೆ. ಇಷ್ಟು ಹೊತ್ತು ಮದ್ದು ಕುಡಿಸಿ, ಲೆವೆಲ್ ಏರಿಸಿ, ಒಳ್ಳೆಯ ಆಯುಧ ಕೊಡಿಸಿದ್ದೆಲ್ಲ ದಂಡ. ಅಮೆರಿಕದ ಹುಡುಗರು ಗೇಮಿಗಾಗಿ ಅತ್ತದ್ದು ಆಗ. ಆದರೂ ಅಳು ಬೇಗ ಒರೆಸಿಕೊಂಡರು. ಏಕೆಂದರೆ ಮುಂದೆ ಆಕಾಶದಲ್ಲಿ ಲೋಕವನ್ನೇ ಬೂದಿ ಮಾಡುವ ಉಲ್ಕೆ ನೇತಾಡುತ್ತಿರುವಾಗ ನಮ್ಮ ವೀರ ತೋಟದಲ್ಲಿ ಚೋಕೋಬೋ ಎಂಬ ಹಳದಿ ಹಕ್ಕಿಗಳಿಗೆ ಸೊಪ್ಪು ತಿನ್ನಿಸಿ, ಜೋಡಿ ಮಾಡಿ, ಮರಿ ಮಾಡಿಸಿ, ರೇಸಿಗೆ ಬಿಡಬಹುದು. ಪ್ರಳಯ ಕಾಯುತ್ತದೆ. ಅಂತಿಮ ಖಳನಾಯಕ ಉತ್ತರ ದಿಕ್ಕಿನ ಗುಂಡಿಯೊಳಗೆ ಕೂತು ಇವರ ಹಕ್ಕಿ ಸಾಕಣೆ ಮುಗಿಯಲಿ ಎಂದು ತಾಳ್ಮೆಯಿಂದಿರುತ್ತಾನೆ.

ಈ ಕಾಯುವಿಕೆಯೇ ಆಮೇಲೆ ದೋಷವಾಯಿತು. ಹೊಸ ಶತಮಾನದಲ್ಲಿ ‘ಒಬ್ಲಿವಿಯನ್’, ‘ಮಾಸ್ ಇಫೆಕ್ಟ್’, 2011ರಲ್ಲಿ ‘ಸ್ಕೈರಿಮ್’ ಬಂದವು. ಎಲ್ಲಿ ಬೇಕಾದರೂ ಹೋಗು, ಯಾರನ್ನು ಬೇಕಾದರೂ ಹೊಡೆ, ಕಥೆ ನಿನ್ನಿಷ್ಟ. ಅದೇ ಹೊತ್ತಿಗೆ ಬಂದ ‘ಫೈನಲ್ ಫ್ಯಾಂಟಸಿ 13’ ಕಣ್ಣಿಗೆ ಹಬ್ಬ, ಆದರೆ ಗಂಟೆಗಟ್ಟಲೆ ಒಂದೇ ಓಣಿಯಲ್ಲಿ ನೇರ ನಡೆಯಬೇಕು. ನಿಂತು ಸರದಿ ಕಾಯುವ ಯುದ್ಧ ಹಳೇ ಯಂತ್ರಗಳ ಅಸಹಾಯಕತೆಯಿಂದ ಬಂದದ್ದು, ಈಗ ಯಾಕೆ ಬೇಕು ಎಂದರು ಪಶ್ಚಿಮದ ವಿಮರ್ಶಕರು. ಜಪಾನಿನ ಗೇಮ್ ಉದ್ಯಮದ ಕಥೆ ಮುಗಿಯಿತೆಂದು 2009ರ ಟೋಕಿಯೊ ಗೇಮ್ ಶೋನಲ್ಲಿ ಸಾರಿದವರಂತೂ ಜಪಾನಿನ ಹೆಸರಾಂತ ನಿರ್ಮಾಪಕ ಕೇಜಿ ಇನಾಫುನೆಯೇ.

ಯಂತ್ರದ ಅಸಹಾಯಕತೆ ಎಂಬ ಮಾತನ್ನು ನಾನು ಒಪ್ಪಲಾರೆ. ತಾಳಮದ್ದಳೆ ಕೇಳಿದವರಿಗೆ ಇದು ಗೊತ್ತಿರುತ್ತದೆ. ಕರ್ಣ ಅರ್ಧ ಗಂಟೆ ಮಾತಾಡುತ್ತಾನೆ, ಕೃಷ್ಣ ಎದುರಿಗೆ ಶಾಲು ಹೊದ್ದು ಕೂತಿರುತ್ತಾನೆ. ನಡುವೆ ಬಾಯಿ ಹಾಕುವುದಿಲ್ಲ. ಒಳಗೊಳಗೇ ಉತ್ತರ ಮಸೆಯುತ್ತಿರುತ್ತಾನೆ. ನಾವೂ ಅವನ ಪರವಾಗಿ ಲೆಕ್ಕ ಹಾಕುತ್ತಿರುತ್ತೇವೆ: ಈಗ ಆ ಮಾತು ಎತ್ತುತ್ತಾನೋ, ಇಲ್ಲ ಮುಂದಕ್ಕೆ ಉಳಿಸಿಕೊಳ್ಳುತ್ತಾನೋ? ರುಚಿ ಇರುವುದು ಆ ಕಾಯುವುದರಲ್ಲೇ. ಮಂತ್ರಶಕ್ತಿ ಇನ್ನೆರಡು ಸಲಕ್ಕಾಗುವಷ್ಟೇ ಉಳಿದಿದೆ, ಮುಂದಿನ ಸರದಿಯಲ್ಲಿ ಅವನು ಬೆಂಕಿ ಉಗುಳಿದರೆ ನಮ್ಮ ಮುದುಕ ಮಂತ್ರವಾದಿ ಉಳಿಯುವುದಿಲ್ಲ, ಈಗ ಹೊಡೆಯಲೋ ಕಾಪಾಡಲೋ ಎಂದು ಹುಬ್ಬು ಗಂಟಿಕ್ಕಿ ಕೂರುವುದು ಬೇರೊಂದು ರಸ.

ಜಪಾನಿನವರಿಗೇ ಇದರಲ್ಲಿ ನಂಬಿಕೆ ಹೋದದ್ದು ನಿಜವಾದ ಕೇಡು. ಗಿರಾಕಿ ಮುಖ ಸಿಂಡರಿಸಿದನೆಂದು ಅಡುಗೆಯನ್ನೇ ಬದಲಿಸಿದರು. ‘ಫೈನಲ್ ಫ್ಯಾಂಟಸಿ 16’ಕ್ಕೆ ತಯಾರಾಗಲು ನಿರ್ಮಾಪಕ ನವೋಕಿ ಯೋಶಿದಾ ತಮ್ಮ ತಂಡದ ಮುಖ್ಯರಿಗೆ ‘ಗೇಮ್ ಆಫ್ ಥ್ರೋನ್ಸ್’ ನೋಡಿ ಎಂದರಂತೆ. 2023ರಲ್ಲಿ ಬಂದಾಗ ಅದರಲ್ಲಿ ಸರದಿಯೂ ಇಲ್ಲ, ಚೌಕವೂ ಇಲ್ಲ. ರಕ್ತ, ಬೈಗುಳ, ಬಿರುಸಿನ ಕತ್ತಿವರಸೆ. ಕೆಟ್ಟ ಗೇಮೇನಲ್ಲ, ಮೊದಲ ವಾರವೇ ಮೂವತ್ತು ಲಕ್ಷ ಪ್ರತಿ ಹೋಯಿತು. ಆದರೂ ಎಣಿಸಿದಷ್ಟು ಲಾಭ ಬರಲಿಲ್ಲವೆಂದು 2024ರಲ್ಲಿ ಸ್ಕ್ವೇರ್ ಎನಿಕ್ಸ್ ಕಂಪನಿಯೇ ಒಪ್ಪಿಕೊಂಡಿತು. ಅದೇ 2023ರಲ್ಲಿ ಬೆಲ್ಜಿಯಮ್ಮಿನ ಲೇರಿಯನ್ ಸ್ಟುಡಿಯೊ ‘ಬಾಲ್ಡರ್ಸ್ ಗೇಟ್ 3’ ಹೊರತಂದಿತು. ಅಪ್ಪಟ ಸರದಿಯ ಆಟ, ಆ ಹಳೇ ದಾಳ ಉರುಳಿಸುವ ನಿಯಮಗಳದ್ದೇ. ವರ್ಷದ ಪ್ರಶಸ್ತಿಗಳೆಲ್ಲ ಅದಕ್ಕೆ. ಅಮೆರಿಕದವರಿಗೆ ಕಾಯಲು ತಾಳ್ಮೆಯಿಲ್ಲ ಎಂಬ ವಾದ ಅಲ್ಲಿಗೆ ಮುಗಿಯಬೇಕಿತ್ತು.

ನಾಚಿಕೆಪಡದೆ ಉಳಿದವರೂ ಜಪಾನಿನಲ್ಲಿದ್ದರು. ‘ಪರ್ಸೋನಾ 5’ ಮಾಡಿದ ಅಟ್ಲಸ್‌ನವರು ಸರದಿಯ ಚೌಕವನ್ನೇ ಸಿನಿಮಾ ಪೋಸ್ಟರಿನಂತೆ ಅಲಂಕರಿಸಿ ಗೆದ್ದರು. ಇನ್ನು ‘ಯಾಕುಜಾ’ ಮಾಡುವವರ ಕಥೆ. ವರ್ಷಗಟ್ಟಲೆ ಬೀದಿ ಹೊಡೆದಾಟದ ಗೇಮು ಮಾಡಿಕೊಂಡಿದ್ದವರು ಏಪ್ರಿಲ್ ಒಂದರಂದು ಸರದಿಯ ಯುದ್ಧದ ವಿಡಿಯೊ ಬಿಟ್ಟರು, ಎಲ್ಲರೂ ನಕ್ಕರು. ಮುಂದಿನ ಗೇಮು ನಿಜಕ್ಕೂ ಹಾಗೇ ಬಂತು! ಅದರ ನಾಯಕ ಕಾಸುಗ ಹದಿನೆಂಟು ವರ್ಷ ಜೈಲಿನಲ್ಲಿದ್ದು ಬಂದ ರೌಡಿ. ಚಿಕ್ಕಂದಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಆಡಿ ತಲೆ ಕೆಡಿಸಿಕೊಂಡವನು. ಹಾಗಾಗಿ ಯೊಕೊಹಾಮದ ಬೀದಿಯಲ್ಲಿ ಅಡ್ಡಗಟ್ಟುವ ಕುಡುಕರೂ ಪುಂಡರೂ ಅವನ ಕಣ್ಣಿಗೆ ರಾಕ್ಷಸರಾಗಿ ಕಾಣುತ್ತಾರೆ, ಮತ್ತು ಶಿಸ್ತಾಗಿ ಸರದಿ ಕಾಯುತ್ತಾರೆ.

ಪೋಕೆಮಾನನ್ನು ಎಲ್ಲರೂ ಲೆಕ್ಕಕ್ಕೆ ಹಿಡಿಯುವುದನ್ನು ಮರೆಯುತ್ತಾರೆ. ಜಪಾನಿನದು, ಸರದಿಯ ಯುದ್ಧ, ಲೆವೆಲ್ ಏರಿಸುವ ಆಟ. ಇಷ್ಟೂ ವರ್ಷ, ಈ ಜಾತಿ ಸತ್ತಿತು ಎಂದು ಪಶ್ಚಿಮದ ಪಂಡಿತರು ಬರೆಯುತ್ತಿದ್ದಾಗ, ಅವರ ಮಕ್ಕಳು ಪಕ್ಕದ ಕೋಣೆಯಲ್ಲಿ ಪಿಕಾಚುವಿಗೆ ಆಜ್ಞೆ ಕೊಡುತ್ತಿದ್ದರು.

ಹಾಗೆಂದು ಅಳಿಯನಷ್ಟು ಹಿಗ್ಗಲು ನಾನು ಸಿದ್ಧನಿಲ್ಲ. ಈಗ ಅಡ್ಡಿಯಾಗಿರುವುದು ರುಚಿಯಲ್ಲ, ಪುರುಸೊತ್ತು. 1997ರಲ್ಲಿ ಹದಿನೈದರ ಹುಡುಗರಿಗೆ ಬೇಸಿಗೆ ರಜೆಯಿತ್ತು. ಈಗ ಅವರಿಗೇ ಮಕ್ಕಳ ಬೇಸಿಗೆ ಶಿಬಿರದ ಫೀಸಿನ ಚಿಂತೆ. ಒಂದು ಗೇಮು ಮುಗಿಸಲು ಎಂಬತ್ತೋ ನೂರೋ ಗಂಟೆ ಬೇಕು. ನಮ್ಮವನು ಮಗಳು ಮಲಗಿದ ಮೇಲೆ ಒಂದು ಗಂಟೆ ಆಡುತ್ತಾನೆ, ಅದರಲ್ಲಿ ಅರ್ಧ ತಾನು ಎಲ್ಲಿದ್ದೆ, ಯಾವ ರಾಜನಿಗೆ ಏನು ಮಾತು ಕೊಟ್ಟಿದ್ದೆ ಎಂದು ನೆನಪಿಸಿಕೊಳ್ಳುವುದರಲ್ಲೇ ಕಳೆಯುತ್ತದೆ. ಅಪರೂಪದ ದಿವ್ಯೌಷಧಗಳನ್ನು ಮುಂದೆ ಬೇಕಾದೀತೆಂದು ಬಳಸದೆ ಕೂಡಿಡುತ್ತಾನೆ. ಗೇಮು ಮುಗಿದರೂ ಚೀಲ ತುಂಬಿರುತ್ತದೆ. ಇದು ನಮ್ಮ ಮನೆತನದ ಗುಣವೆಂದುಕೊಂಡಿದ್ದೆ, ಲೋಕದ ಎಲ್ಲ ಆಟಗಾರರೂ ಹೀಗೇ ಅಂತೆ.

ಇಷ್ಟರ ನಡುವೆ 2025ರ ಏಪ್ರಿಲಿನಲ್ಲಿ ಒಂದು ಗೇಮು ಬಂತು. ಕಲ್ಲಿನ ಕಂಬದ ಮೇಲೆ ಚಿತ್ರಗಾರ್ತಿಯೊಬ್ಬಳು ವರ್ಷಕ್ಕೊಮ್ಮೆ ಎದ್ದು ಒಂದು ಸಂಖ್ಯೆ ಬರೆಯುತ್ತಾಳೆ, ಪ್ರತಿ ಸಲ ಒಂದು ಕಡಿಮೆ. ಆ ವಯಸ್ಸಾದವರೆಲ್ಲ ಹೂವಿನ ಎಸಳುಗಳಾಗಿ ಗಾಳಿಯಲ್ಲಿ ಮಾಯ. ಈ ಸಲ 33. ಬದುಕಲು ಇನ್ನೊಂದೇ ವರ್ಷ ಉಳಿದವರು ಗುಂಪು ಕಟ್ಟಿಕೊಂಡು ಅವಳನ್ನು ನಿಲ್ಲಿಸಲು ಹೊರಡುತ್ತಾರೆ. ದಾರಿಯಲ್ಲಿ ರಾಕ್ಷಸರು, ಸರದಿಯ ಯುದ್ಧ. ವೈರಿಯ ಸರದಿಯಲ್ಲೂ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿ ಏಟು ತಡೆಯಬೇಕೆಂಬ ಒಗ್ಗರಣೆ. ಮೂರು ದಿನದಲ್ಲಿ ಹತ್ತು ಲಕ್ಷ ಪ್ರತಿ ಮಾರಿತು, ಡಿಸೆಂಬರಿನಲ್ಲಿ ಅಮೆರಿಕದ ‘ದ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಗೇಮ್ ಎನಿಸಿತು. ಹೆಸರು ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’. ಮಾಡಿದ್ದು ಫ್ರಾನ್ಸಿನ ಮೋಂಪೆಲಿಯೆ ಊರಿನ ಸುಮಾರು ಮೂವತ್ತು ಜನರ ತಂಡ. ಅವರ ಮುಖ್ಯಸ್ಥ ಗಿಯೋಮ್ ಬ್ರೋಶ್ ಚಿಕ್ಕಂದಿನಿಂದ ಜಪಾನಿನ ಗೇಮುಗಳ ಭಕ್ತ. ಯಾರೂ ಅಂಥದ್ದನ್ನು ಮಾಡುತ್ತಿಲ್ಲವೆಂದು ತಾನೇ ಮಾಡಲು ಕೂತವನು. ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಅಭಿನಂದಿಸಿದರು.

“ಇದು ಜಪಾನಿನದು ಅಲ್ಲವಲ್ಲೋ” ಎಂದೆ ಅಳಿಯನಿಗೆ. “ಅದಕ್ಕೇನೀಗ ಮಾಮ, ವಿಜರ್ಡ್ರಿ ಏನು ಜಪಾನಿನದಾ?” ಎಂದ. ಅವನ ಮಾತಿನಲ್ಲಿ ನ್ಯಾಯವಿದೆ.

ನನಗೀಗ ಇರುವ ಕುತೂಹಲ ಹೋರಿಯವರ ಬಗ್ಗೆ. 2021ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್ 12’ ಪ್ರಕಟಿಸುವಾಗ ಅವರು, ಈ ಸಲ ಆಜ್ಞೆ ಆರಿಸಿ ಹೊಡೆಯುವ ಆ ಹಳೇ ಯುದ್ಧದ ಕ್ರಮವನ್ನು ಹೊಸದು ಮಾಡುತ್ತೇವೆ ಎಂದಿದ್ದರು. ವರ್ಷಗಳು ಉರುಳಿದವು, ಗೇಮು ತಯಾರಾಗುತ್ತಲೇ ಇತ್ತು; ಅಷ್ಟರಲ್ಲಿ ಫ್ರಾನ್ಸಿನವರು ಹಳೇ ಚೌಕವನ್ನೇ ಪೌಡರ್ ಬಳಿದು ಮಾರಿ ದುಡ್ಡು ಎಣಿಸಿಕೊಂಡರು. ಟೋಕಿಯೊದ ಯಾವುದೋ ಕೋಣೆಯಲ್ಲಿ ಯಾರಾದರೊಬ್ಬರು, ಯಾಕೋ ಅದನ್ನು ಅಷ್ಟೊಂದು ಬದಲಿಸುವುದು ಬೇಡವೇನೋ ಸಾರ್ ಎಂದು ಮೆಲ್ಲಗೆ ಕೈ ಎತ್ತಿರುತ್ತಾರೆ ಎಂದು ನನ್ನ ಗುಮಾನಿ.